ಖೊಟ್ಟಿ ಕ್ರಯಪತ್ರದ ಕೇಸು: ಶಿಕ್ಷೆ ಇಳಿಯುವ ಹೊತ್ತಿಗೆ ನಾವು ಮಾಡಿದ್ದು

ನಮ್ಮವ್ವನ ಜಮೀನನ್ನು ಖೊಟ್ಟಿ ಕ್ರಯಪತ್ರ ಮಾಡಿ ಹೊಡೆದುಕೊಂಡ ಕೇಸು ಹೈಕೋರ್ಟಿನಲ್ಲಿ ಮುಗಿಯಿತು. ಪತ್ರ ನೋಂದಣಿಯಾದದ್ದು 2005ರಲ್ಲಿ, ಕೊನೆಯ ಆದೇಶ ಬಂದದ್ದು 2025ರಲ್ಲಿ. ಅಪರಾಧ ಸಾಬೀತಾಗಿದೆ ಅನ್ನೋ ತೀರ್ಪು ಮೂರು ಕೋರ್ಟಿನಲ್ಲೂ ನಿಂತಿತು. ಶಿಕ್ಷೆ ಮಾತ್ರ ಇಳಿಯಿತು. ಕೇಸು ತುಂಬಾ ಹಳೆಯದು, ಆರೋಪಿಗಳಿಗೆ ವಯಸ್ಸಾಗಿದೆ ಅನ್ನೋದು ಕಾರಣ.

ಪತ್ರ ಖೊಟ್ಟಿ ಅಂತ ಸಾಬೀತು ಮಾಡೋದು ಹೇಗೆ ಅಂತ ಹೇಳೋರು ಬೇಕಾದಷ್ಟು ಜನ ಸಿಗುತ್ತಾರೆ. ಶಿಕ್ಷೆ ಇಳಿಸಿ ಅಂತ ಆರೋಪಿ ಬೇಡಿಕೊಳ್ಳುವ ಹೊತ್ತಿಗೆ ದೂರು ಕೊಟ್ಟವರು ಏನು ಮಾಡಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ವಕೀಲೆಯಲ್ಲ. ದಾವಣಗೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಕಾಗದ ಜೋಡಿಸಿಡೋದು ಅಭ್ಯಾಸ, ಅಷ್ಟೇ.

ಜಮೀನು ಇರೋದು ಊರಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿಯಲ್ಲಿ. ಭದ್ರಾ ನಾಲೆ ನೀರು ಹಾಯುವ ಎರಡು ಎಕರೆ ಹತ್ತು ಗುಂಟೆ ಗದ್ದೆ. ಅವ್ವನಿಗೆ ತವರಿನಿಂದ ಬಂದದ್ದು. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆ ಇದ್ದಳು, ಗದ್ದೆ ಕೋರಿಗೆ ಕೊಟ್ಟಿದ್ವಿ. 2008ರಲ್ಲಿ ಅಣ್ಣ ಬೆಳೆಸಾಲಕ್ಕೆ ಅಂತ ಪಹಣಿ ತೆಗೆಸಿದ. ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಅದೇ ಊರಿನ ಇನ್ನೊಬ್ಬರ ಹೆಸರು ಕೂತಿತ್ತು. ಇಸಿ (ಜಮೀನಿನ ಮೇಲಿನ ಕ್ರಯ, ಸಾಲದ ದಾಖಲೆ) ತೆಗೆಸಿದಾಗ ಮೂರು ವರ್ಷದ ಹಿಂದೆಯೇ ಕ್ರಯ ಆಗಿದೆ ಅಂತ ಬಂತು.

ಕ್ರಯಪತ್ರದ ನಕಲು ಕೈಗೆ ಬಂದ ದಿನ ನನಗೆ ಇನ್ನೂ ನೆನಪಿದೆ. ಅವ್ವನ ಹೆಸರು, ಅಪ್ಪನ ಹೆಸರು, ಊರು ಎಲ್ಲಾ ಸರಿ. ಫೋಟೋ ಮಾತ್ರ ಬೇರೆ ಯಾರದೋ. ತಲೆ ಮೇಲೆ ಸೆರಗು ಹೊದ್ದ, ನಮ್ಮವ್ವನಿಗಿಂತ ತೆಳ್ಳಗಿನ ಹೆಂಗಸು. ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟು. ಅವ್ವ ನಾಲ್ಕನೇ ಕ್ಲಾಸು ಓದಿದವಳು, ಬ್ಯಾಂಕು, ಸೊಸೈಟಿ ಎಲ್ಲಾ ಕಡೆ ಸಹಿ ಹಾಕುತ್ತಾಳೆ. "ನನಗೆ ಸಹಿ ಬರ್ತತಿ, ನಾನ್ಯಾಕೆ ಹೆಬ್ಬೆಟ್ಟು ಒತ್ತಲಿ?" ಅಂದಳು. ಅವಳಿಗೆ ಮೊದಲು ಸಿಟ್ಟು ಬಂದದ್ದು ಅದಕ್ಕೆ. ಜಮೀನು ಹೋದ ಸಂಕಟ ಆಮೇಲೆ ಶುರುವಾಯಿತು.

ಪೊಲೀಸ್ ದೂರು ಕೊಟ್ಟೆವು. ಜಮೀನು ಕೊಂಡವನು ಒಂದನೇ ಆರೋಪಿ, ಅವ್ವನ ವೇಷದಲ್ಲಿ ಕೂತ ಹೆಂಗಸು ಎರಡನೇ ಆರೋಪಿ, 'ಇವರು ನಮಗೆ ಗೊತ್ತು' ಅಂತ ಗುರುತಿಸಿ ಸಹಿ ಹಾಕಿದ ಇಬ್ಬರು ಮೂರು ಮತ್ತು ನಾಲ್ಕು. ಐಪಿಸಿ 419, 420, 467, 468, 471 ಕಲಂ ಹಾಕಿದರು. ಕ್ರಯಪತ್ರದಂಥ ಬೆಲೆಬಾಳುವ ದಾಖಲೆಯನ್ನೇ ಖೊಟ್ಟಿ ಮಾಡಿದರೆ 467 ಬೀಳುತ್ತದೆ. ಅದಕ್ಕೆ ಜೀವಾವಧಿವರೆಗೆ ಶಿಕ್ಷೆ ಇದೆ. ಈ ನಂಬರ್ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ. 2024ರ ಜುಲೈ 1ರ ನಂತರ ನಡೆದ ಕೃತ್ಯಕ್ಕಾದರೆ ಹೊಸ ಭಾರತೀಯ ನ್ಯಾಯ ಸಂಹಿತೆಯ 338ನೇ ಕಲಂ. ಹಳೆಯ ಕೃತ್ಯಗಳಿಗೆ ಐಪಿಸಿಯೇ.

ಇಲ್ಲಿ ಒಂದು ಮಾತು. ಕ್ರಿಮಿನಲ್ ಕೇಸು ಗೆದ್ದರೆ ಜಮೀನು ತಾನಾಗೇ ವಾಪಸ್ ಬರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬರೋದಿಲ್ಲ. ಪತ್ರ ರದ್ದು ಮಾಡಿಸಲು ಸಿವಿಲ್ ಕೋರ್ಟಿನಲ್ಲಿ ಬೇರೆ ದಾವೆ ಹಾಕಬೇಕು, ವಿಷಯ ಗೊತ್ತಾದ ದಿನದಿಂದ ಮೂರು ವರ್ಷದ ಒಳಗೆ. ಖಾತೆ ಬದಲಾವಣೆ ವಿರುದ್ಧ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೂ ಹೋಗಿದ್ವಿ. ಪತ್ರ ಖೊಟ್ಟಿಯೋ ಅಲ್ಲವೋ ಅಂತ ನಾವು ತೀರ್ಮಾನಿಸೋಕೆ ಬರಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಅಂದರು. ನಮ್ಮ ವಕೀಲರು 2009ರಲ್ಲೇ ದಾವೆ ಹಾಕಿ, ಪರಭಾರೆ ಮಾಡದಂತೆ ತಡೆಯಾಜ್ಞೆ ತಂದು, ಅದನ್ನು ಪಹಣಿಯ 11ನೇ ಕಾಲಂನಲ್ಲಿ ಬರೆಸಿದರು. ಹಾಗಾಗಿ ಜಮೀನು ಮೂರನೆಯವರ ಕೈಗೆ ಹೋಗಲಿಲ್ಲ. 2016ರಲ್ಲಿ ಡಿಕ್ರಿ ಆಯಿತು, ಪಹಣಿ ಅವ್ವನ ಹೆಸರಿಗೆ ಬಂತು. ಆ ಕಥೆ ಇಲ್ಲಿಗೆ ಸಾಕು.

ಕ್ರಿಮಿನಲ್ ಕೇಸು ಮಾತ್ರ ಕುಂಟುತ್ತಾ ನಡೆಯಿತು. ಬೆರಳಚ್ಚು ತಜ್ಞರ ವರದಿ ಬಂದು ಚಾರ್ಜ್‌ಶೀಟ್ ಆಗೋ ಹೊತ್ತಿಗೆ 2010. ವಿಚಾರಣೆ ಶುರುವಾದ ಮೇಲೆ ಒಂದು ತಾರೀಖಿಗೆ ಒಬ್ಬ ಆರೋಪಿ ಬಂದರೆ ಇನ್ನೊಬ್ಬ ಇಲ್ಲ. ಹುಷಾರಿಲ್ಲ, ಮಗಳ ಮದುವೆ, ಊರ ಜಾತ್ರೆ ಅಂತ ಅವರ ವಕೀಲರು 317ರ ಅರ್ಜಿ ಹಾಕೋರು. ಅಂದರೆ ಇವತ್ತು ಹಾಜರಾತಿಗೆ ವಿನಾಯಿತಿ ಕೊಡಿ ಅಂತ. ವಾರಂಟು ಆಗೋದು, ಮುಂದಿನ ತಾರೀಖಿಗೆ ಬಂದು ವಾರಂಟು ತೆಗೆಸಿಕೊಳ್ಳೋರು. ನಡುವೆ ಮ್ಯಾಜಿಸ್ಟ್ರೇಟರಿಗೆ ವರ್ಗಾವಣೆ, ಕೆಲವು ತಿಂಗಳು ಖಾಲಿ ಕುರ್ಚಿ. ನಾಲ್ಕನೇ ಆರೋಪಿ ತೀರಿಕೊಂಡ. ಅವನ ಮೇಲಿನ ಕೇಸು ಅಲ್ಲಿಗೆ ನಿಂತಿತು.

ಅವ್ವನ ಸಾಕ್ಷಿ 2013ರಲ್ಲಿ ಆಯಿತು. ಮುಖ್ಯ ವಿಚಾರಣೆ ಒಂದು ದಿನ, ಪಾಟೀ ಸವಾಲು ಬೇರೆ ದಿನ, ಅದೂ ತಿಂಗಳುಗಟ್ಟಲೆ ಮುಂದೆ. ಕೋರ್ಟ್ ವರಾಂಡದ ಸಿಮೆಂಟ್ ಕಟ್ಟೆ ಮೇಲೆ ಕೂತು ಕಾಯೋದು, ಸಂಜೆ ನಾಲ್ಕೂವರೆಗೆ 'ಇವತ್ತು ಆಗಲ್ಲಮ್ಮ' ಅಂತ ಹೇಳಿಸಿಕೊಳ್ಳೋದು. ಎಷ್ಟೋ ಸಲ ಅವ್ವ ತಂದ ಬುತ್ತಿಯನ್ನು ಬಿಚ್ಚದೇ ವಾಪಸ್ ಒಯ್ದಿದ್ದಾಳೆ. ಹೊಸದಾಗಿ ಹೋಗೋರಿಗೆ ಹೇಳೋದು ಇಷ್ಟೇ: ಮನೆಯಿಂದ ಹೊರಡುವ ಮೊದಲು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರೋ ಗುರುತಿನ ನಂಬರ್) ಹಾಕಿ ನೋಡಿ. ಯಾವ ಹಂತಕ್ಕೆ ಇಟ್ಟಿದ್ದಾರೆ ಅಂತ ಗೊತ್ತಾಗುತ್ತದೆ. ನ್ಯಾಯಾಧೀಶರು ರಜೆ ಇದ್ದಾರಾ ಅಂತ ಎಪಿಪಿ (ಕೆಳಗಿನ ಕೋರ್ಟಿನ ಸರ್ಕಾರಿ ವಕೀಲರು) ಅವರ ಕಡೆಯವರನ್ನು ಕೇಳಿದರೆ ಹೇಳುತ್ತಾರೆ.

2017ರಲ್ಲಿ ತೀರ್ಪು. 467ಕ್ಕೆ ಒಂದನೇ ಆರೋಪಿಗೆ ಮೂರು ವರ್ಷ, ಉಳಿದಿಬ್ಬರಿಗೆ ಎರಡು ವರ್ಷ, ಬೇರೆ ಕಲಂಗಳಿಗೆ ಕಡಿಮೆ, ಎಲ್ಲಾ ಶಿಕ್ಷೆ ಒಟ್ಟಿಗೇ ಸಾಗಬೇಕು ಅಂತ. ಒಂದನೇ ಆರೋಪಿಗೆ ಹತ್ತು ಸಾವಿರ ದಂಡ. ಜೀವಾವಧಿವರೆಗೆ ಇರೋ ಕಲಮಿಗೆ ಬರೀ ಮೂರೇ ವರ್ಷನಾ ಅಂತ ಅಣ್ಣ ಕೇಳಿದ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಮೂರು ವರ್ಷಕ್ಕಿಂತ ಜಾಸ್ತಿ ಕೊಡುವಂತಿಲ್ಲ, ಹಳೆಯ ಸಿಆರ್‌ಪಿಸಿ (ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳೋ ಕಾನೂನು) ಪ್ರಕಾರ ದಂಡವೂ ಹತ್ತು ಸಾವಿರ ದಾಟುವಂತಿಲ್ಲ. ಹೊಸ ಕಾನೂನಿನಲ್ಲಿ ದಂಡದ ಮಿತಿ ಐವತ್ತು ಸಾವಿರ ಆಗಿದೆ.

ಅವತ್ತು ಸಂಜೆಯೇ ಮೂವರೂ ನಮ್ಮ ಎದುರಿಗೇ ಬಸ್ ಹತ್ತಿ ಊರಿಗೆ ಹೋದರು. ಅವ್ವನಿಗೆ ಇದು ಅರ್ಥವೇ ಆಗಲಿಲ್ಲ. "ಶಿಕ್ಷೆ ಆಯ್ತು ಅಂದ್ರಿ, ಅವ್ರು ಮನಿಗೆ ಹೊಂಟ್ರಲ್ಲ?" ಶಿಕ್ಷೆ ಮೂರು ವರ್ಷ ಅಥವಾ ಅದಕ್ಕಿಂತ ಕಡಿಮೆಯಿದ್ದು ಆರೋಪಿ ಜಾಮೀನಿನ ಮೇಲೆ ಇದ್ದರೆ, ಅಪೀಲು ಹಾಕಿಕೊಳ್ಳಲಿ ಅಂತ ಅದೇ ಕೋರ್ಟು ಶಿಕ್ಷೆಯನ್ನು ಸ್ವಲ್ಪ ದಿನ ಅಮಾನತಿನಲ್ಲಿಡಬಹುದು. ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಲು ಮೂವತ್ತು ದಿನದ ಗಡುವು ಇದೆ. ಇದು ಗೊತ್ತಿಲ್ಲದೆ ನಮ್ಮ ನೆಂಟರೆಲ್ಲ 'ದುಡ್ಡು ಕೊಟ್ಟು ಬಿಡಿಸಿಕೊಂಡರು' ಅಂತ ಸುದ್ದಿ ಹಬ್ಬಿಸಿದರು. ಹಾಗೇನೂ ಇಲ್ಲ. ನಿಮಗೂ ಹೀಗೇ ಆದರೆ ಗಾಬರಿಯಾಗಬೇಡಿ.

ಸೆಷನ್ಸ್ ಅಪೀಲು ಕೋವಿಡ್ ದಾಟಿ 2021ರವರೆಗೆ ಎಳೆಯಿತು, ವಜಾ ಆಯಿತು. ಆಗ ಮೂವರೂ ಜೈಲಿಗೆ ಹೋದರು. ಎರಡು ತಿಂಗಳು ಚಿಲ್ಲರೆ ಒಳಗಿದ್ದರು. ಅಷ್ಟರಲ್ಲಿ ಹೈಕೋರ್ಟಿಗೆ ರಿವಿಷನ್ (ಕೆಳಗಿನ ಕೋರ್ಟಿನ ತೀರ್ಪು ಸರಿಯಿದೆಯಾ ನೋಡಿ ಅನ್ನೋ ಅರ್ಜಿ) ಹಾಕಿ ಶಿಕ್ಷೆಗೆ ತಡೆ ತಂದು ಹೊರಗೆ ಬಂದರು.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ.

ಹೈಕೋರ್ಟಿನಲ್ಲಿ ಅವರು ಹಾಕಿದ್ದು ಸರ್ಕಾರದ ವಿರುದ್ಧ. ಎದುರುದಾರ ಅಂದರೆ ಕರ್ನಾಟಕ ರಾಜ್ಯ, ಠಾಣೆಯ ಹೆಸರಿನಲ್ಲಿ. ನಮ್ಮ ಹೆಸರು ಎಲ್ಲೂ ಇರಲಿಲ್ಲ, ನೋಟಿಸೂ ಬರಲಿಲ್ಲ. ಊರಿನವರೊಬ್ಬರು ಮಾತಿಗೆ ಸಿಕ್ಕಾಗ 'ಹೈಕೋರ್ಟಲ್ಲಿ ಸ್ಟೇ ಆಗೇತಂತಲ್ಲ' ಅಂದಾಗಲೇ ಗೊತ್ತಾದದ್ದು. ಸೆಷನ್ಸ್ ಅಪೀಲು ವಜಾ ಆದ ಮೇಲೆ ರಿವಿಷನ್‌ಗೆ ತೊಂಬತ್ತು ದಿನ ಸಮಯವಿರುತ್ತದೆ. ಆ ದಿನಗಳಲ್ಲಿ ಹೈಕೋರ್ಟಿನ ವೆಬ್‌ಸೈಟಿನಲ್ಲಿ ಆರೋಪಿಯ ಹೆಸರು ಹಾಕಿ ಆಗಾಗ ಹುಡುಕುತ್ತಿರಿ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಗೊಂದಲ. ಪಕ್ಕದ ರಾಣೆಬೆನ್ನೂರಿನವರ ಕೇಸು ಧಾರವಾಡ ಪೀಠಕ್ಕೆ ಹೋಗುತ್ತದೆ. ದಾವಣಗೆರೆ, ಚಿತ್ರದುರ್ಗದ ಕೇಸುಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ. ನಮಗೆ ಧಾರವಾಡವೇ ಹತ್ತಿರ, ಆದರೂ ಹಾಗೆ. ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ನೇರಳೆ ಮೆಟ್ರೋದಲ್ಲಿ ವಿಧಾನಸೌಧ ಸ್ಟೇಷನ್ನಿಗೆ ಹೋದರೆ ಎದುರಿಗೇ ಕೆಂಪು ಕಟ್ಟಡ. ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಆಧಾರ್ ಮರೆಯಬೇಡಿ. ಹೋಗಲೇಬೇಕು ಅಂತೇನಿಲ್ಲ, ವಕೀಲರಿದ್ದರೆ ಸಾಕು. ನಾನು ಸುಮ್ನೆ ಮನೆಯಲ್ಲಿ ಕೂರೋಕಾಗದೆ ಹೋಗುತ್ತಿದ್ದೆ.

ಸರ್ಕಾರದ ಪರ ವಾದ ಮಾಡೋರು ಹೈಕೋರ್ಟಿನ ಸರ್ಕಾರಿ ವಕೀಲರು. ಅವರ ಕೈಯಲ್ಲಿ ಅವತ್ತೇ ಹತ್ತಾರು ಕೇಸಿರುತ್ತವೆ. ನಮ್ಮ ಕೇಸಿನ ಒಳಹೊರಗು ಅವರಿಗೆ ಗೊತ್ತಿರಬೇಕು ಅಂತ ಬಯಸೋದು ನ್ಯಾಯವಲ್ಲ. ನಾವು ಬೆಂಗಳೂರಿನಲ್ಲಿ ಒಬ್ಬ ವಕೀಲೆಯನ್ನು ಇಟ್ಟುಕೊಂಡೆವು. ಸರ್ಕಾರಿ ವಕೀಲರಿಗೆ ನೆರವಾಗಲು ಅನುಮತಿ ಕೊಡಿ ಅಂತ ಅವರು ಅರ್ಜಿ ಹಾಕಿದರು. ಕ್ರಿಮಿನಲ್ ಕೇಸಿನ ಪ್ರತಿ ಹಂತದಲ್ಲೂ ನೊಂದವರ ಮಾತು ಕೇಳಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟು ಲಖೀಂಪುರ ಖೇರಿ ಪ್ರಕರಣದಲ್ಲಿ ಹೇಳಿದೆ. ಅದನ್ನೇ ಉಲ್ಲೇಖಿಸಿದರು. ಅನುಮತಿ ಸಿಕ್ಕಿತು. ಫೀಸು ಕಂತಿನಲ್ಲಿ ಒಟ್ಟು ನಲವತ್ತು ಸಾವಿರದ ಆಸುಪಾಸು ಆಯಿತು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಕೇಳೋ ಹಕ್ಕಿದೆ. ಖರ್ಚು ಭಾರ ಅನ್ನಿಸುವವರು ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಅವರ ಕಚೇರಿಗೆ ಮೊದಲು ಹೋಗಿ.

ವಕೀಲೆ ಮೇಡಂ ಮೊದಲ ದಿನವೇ ಹೇಳಿದರು: "ಎರಡು ಕೋರ್ಟು ಒಂದೇ ತೀರ್ಪು ಕೊಟ್ಟಿವೆ. ರಿವಿಷನ್‌ನಲ್ಲಿ ಸಾಕ್ಷಿನೆಲ್ಲ ಮತ್ತೆ ಅಳೆದು ನೋಡೋದು ಕಡಿಮೆ. ಹಾಗಾಗಿ ಅವರು ಅಪರಾಧದ ಬಗ್ಗೆ ಜಾಸ್ತಿ ಮಾತಾಡಲ್ಲ. ಶಿಕ್ಷೆ ಮಟ್ಟಿಗೆ ಕರುಣೆ ತೋರಿಸಿ ಅಂತಾರೆ. ನಾವು ಅದಕ್ಕೇ ತಯಾರಾಗಬೇಕು." ಆಮೇಲೆ ಅವರು ಕೇಳಿದ್ದು ಒಂದೇ ವಸ್ತು: ತಾಲೂಕು ಕೋರ್ಟಿನ ಆರ್ಡರ್ ಶೀಟ್.

ಆರ್ಡರ್ ಶೀಟ್ ಅಂದರೆ ಪ್ರತಿ ತಾರೀಖಿಗೂ ಏನಾಯಿತು ಅಂತ ಬರೆದಿಡುವ ಹಾಳೆ. ಯಾರು ಬಂದಿದ್ದರು, ಯಾರು ಬರಲಿಲ್ಲ, ಯಾರು ಸಮಯ ಕೇಳಿದರು, ಎಲ್ಲಾ ಅದರಲ್ಲಿ ಇರುತ್ತದೆ. ಪುಣ್ಯಕ್ಕೆ ತೀರ್ಪಿನ ನಕಲು ತೆಗೆಸುವಾಗಲೇ ಅಣ್ಣ ಅದರ ದೃಢೀಕೃತ ನಕಲನ್ನೂ ತೆಗೆಸಿಟ್ಟಿದ್ದ. ಸಾವಿರ ರೂಪಾಯಿಯೂ ಖರ್ಚಾಗಿರಲಿಲ್ಲ. ಹೈಕೋರ್ಟು ಕೆಳಗಿನ ಕೋರ್ಟಿನ ಕಡತ ತರಿಸಿಕೊಂಡ ಮೇಲೆ ತಾಲೂಕಿನ ನಕಲು ವಿಭಾಗದಲ್ಲಿ ಕೇಳಿದರೆ 'ಫೈಲ್ ಇಲ್ಲ' ಅಂತಾರೆ. ಅದಕ್ಕೇ ತೀರ್ಪು ಬಂದ ವಾರದಲ್ಲೇ ಅರ್ಜಿ ಹಾಕಿಬಿಡಿ. ಆರೋಪಿಗೆ ತೀರ್ಪಿನ ಪ್ರತಿ ಪುಕ್ಕಟೆ ಸಿಗುತ್ತದೆ, ದೂರುದಾರರು ದುಡ್ಡು ಕೊಟ್ಟೇ ಪಡೆಯಬೇಕು. ಇದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ.

ನಾನು ಅಂಗಡಿಯಲ್ಲಿ ಕೂತು ಆ ಹಾಳೆಗಳಿಂದ ಪಟ್ಟಿ ಮಾಡಿದೆ. ತಾರೀಖು, ಏನಾಗಬೇಕಿತ್ತು, ಯಾಕೆ ಮುಂದೆ ಹೋಯಿತು. ಆರೋಪಿ ಗೈರಾದ ತಾರೀಖಿಗೆ ಹಳದಿ, ಕೋರ್ಟಿನ ಕಾರಣಕ್ಕೆ ಮುಂದೆ ಹೋದದ್ದಕ್ಕೆ ನೀಲಿ, ಸರ್ಕಾರದ ಕಡೆ ಸಾಕ್ಷಿ ಬಾರದ್ದಕ್ಕೆ ಹಸಿರು. ನಮಗೆ ಬೇಕಾದ್ದನ್ನು ಮಾತ್ರ ಎತ್ತಿಕೊಳ್ಳಬೇಡಿ ಅಂತ ಮೇಡಂ ಖಡಕ್ಕಾಗಿ ಹೇಳಿದ್ದರು. ಬಣ್ಣ ಹಚ್ಚಿ ಮುಗಿಸಿದಾಗ ಹಾಳೆ ಬಹುಪಾಲು ಹಳದಿಯಾಗಿತ್ತು. ನೀಲಿಯೂ ಕಡಿಮೆಯೇನಿರಲಿಲ್ಲ.

ವಾದದ ದಿನ ಅವರ ವಕೀಲರು ಹೇಳಿದ್ದು: ಕೃತ್ಯ ನಡೆದು ಇಪ್ಪತ್ತು ವರ್ಷ ಆಯಿತು. ಒಂದನೆಯವರಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ. ಎರಡನೆಯವರು ಎಪ್ಪತ್ತೈದರ ಹೆಂಗಸು. ಇಷ್ಟು ವರ್ಷ ಕೇಸಿನ ಕತ್ತಿ ತಲೆ ಮೇಲೆ ತೂಗಿದ್ದೇ ಶಿಕ್ಷೆ. ಜಮೀನೂ ವಾಪಸ್ ಹೋಗಿದೆ. ಒಳಗಿದ್ದ ದಿನಗಳಿಗೇ ಶಿಕ್ಷೆ ಸೀಮಿತ ಮಾಡಿ.

ಹಿಂದಿನ ಬೆಂಚಿನಲ್ಲಿ ಕೂತು ಇದನ್ನು ಕೇಳುವಾಗ ನನಗೆ ಮೈಯೆಲ್ಲ ಉರಿಯಿತು. ಅಲೆದಾಟವೇ ಶಿಕ್ಷೆ ಅನ್ನೋದಾದರೆ ಅದೇ ಕಟ್ಟೆ ಮೇಲೆ ಕೂತ ನಮ್ಮವ್ವನಿಗೆ ಯಾವ ತಪ್ಪಿಗೆ ಶಿಕ್ಷೆ? ಬಾಯಿ ಬಿಡುವ ಹಾಗಿಲ್ಲ. ಆದರೆ ತಡವನ್ನು ಶಿಕ್ಷೆ ಇಳಿಸಲು ಪರಿಗಣಿಸೋದು ಹೊಸದೇನಲ್ಲ. ಬೇಗ ವಿಚಾರಣೆ ಆಗೋದು ಆರೋಪಿಯ ಹಕ್ಕು ಅಂತ ಸುಪ್ರೀಂ ಕೋರ್ಟು 1979ರ ಹುಸೇನಾರಾ ಖಾತೂನ್ ಪ್ರಕರಣದಿಂದಲೂ ಹೇಳುತ್ತಾ ಬಂದಿದೆ. ಇಂತಿಷ್ಟೇ ವರ್ಷದಲ್ಲಿ ಮುಗಿಯದಿದ್ದರೆ ಕೇಸೇ ಕೈಬಿಡಬೇಕು ಅಂತ ಗಡುವು ಹಾಕೋಕೆ ಬರಲ್ಲ ಅಂತಲೂ ಅದೇ ಕೋರ್ಟು 2002ರಲ್ಲಿ, ನಮ್ಮ ಕರ್ನಾಟಕದ್ದೇ ಆದ ಪಿ. ರಾಮಚಂದ್ರ ರಾವ್ ಪ್ರಕರಣದಲ್ಲಿ, ಏಳು ನ್ಯಾಯಮೂರ್ತಿಗಳ ಪೀಠದಿಂದ ಹೇಳಿತು. ಕೇಸು ಬಿದ್ದು ಹೋಗದಿದ್ದರೂ ಶಿಕ್ಷೆ ತೂಗುವಾಗ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಮೇಡಂ ಇದನ್ನು ಮೊದಲೇ ಹೇಳಿದ್ದರಿಂದ ಎದೆ ಒಡೆಯಲಿಲ್ಲ.

ಒಳ್ಳೆಯ ನಡತೆ ಮೇಲೆ ಬಿಡಿ ಅಂತ ಪ್ರೊಬೇಷನ್ ಕಾಯ್ದೆಯನ್ನೂ ಅವರು ಎತ್ತಿದರು. ಜೀವಾವಧಿ ಶಿಕ್ಷೆಗೆ ಅವಕಾಶವಿರುವ ಅಪರಾಧಕ್ಕೆ 1958ರ ಆ ಕಾಯ್ದೆಯ 4ನೇ ಕಲಂ ಅನ್ವಯಿಸಲ್ಲ. ನಾನು ನೆನಪಿಟ್ಟುಕೊಳ್ಳಿ ಅಂದ 467 ಇಲ್ಲಿ ಕೆಲಸಕ್ಕೆ ಬಂತು. ಚಾರ್ಜ್‌ಶೀಟ್‌ನಲ್ಲಿ 467 ಬಿಟ್ಟು ಬರೀ 420, 468 ಹಾಕಿದ್ದರೆ ಈ ಬಾಗಿಲು ತೆರೆದೇ ಇರುತ್ತಿತ್ತು.

ಮೇಡಂ ಹೇಳಿದ್ದು ಎರಡೇ ಮಾತು. ಒಂದು, ಪಟ್ಟಿ. ತಡದಲ್ಲಿ ದೊಡ್ಡ ಪಾಲು ಇವರದೇ. ತಾವೇ ಮಾಡಿದ ತಡವನ್ನು ತೋರಿಸಿ ರಿಯಾಯಿತಿ ಕೇಳೋದು ಸರಿಯಲ್ಲ. ಎರಡು, ಶಿಕ್ಷೆ ಇಳಿಸುವುದೇ ಆದರೆ ನೊಂದವರಿಗೆ ಪರಿಹಾರ ಕೊಡಿಸಿ. ಇದರಲ್ಲೊಂದು ಸೂಕ್ಷ್ಮ ಇದೆ. ಕೆಳಗಿನ ಕೋರ್ಟು ಹಾಕಬಹುದಾದಷ್ಟೇ ದಂಡ ಮೇಲಿನ ಕೋರ್ಟಿನಲ್ಲೂ, ಅಂದರೆ ಹತ್ತು ಸಾವಿರ. ಸಿಆರ್‌ಪಿಸಿ 357(3)ರ ಪರಿಹಾರಕ್ಕೆ ಆ ಮಿತಿ ಇಲ್ಲ, ಆದರೆ ಅದು ದಂಡ ಇಲ್ಲದ ಶಿಕ್ಷೆಯ ಜೊತೆಗೆ ಬರೋದು. ಆದ್ದರಿಂದ ದಂಡ ತೆಗೆದು ಪರಿಹಾರ ಹಾಕಿ ಅಂತ ಕೇಳಿದರು. ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 395ನೇ ಕಲಂ.

ಎರಡನೇ ಆರೋಪಿಯ ಬಗ್ಗೆ ಏನು ಹೇಳಲಿ ಅಂತ ಮೇಡಂ ಮೊದಲೇ ಕೇಳಿದ್ದರು. ಅಣ್ಣ ಎಲ್ಲರಿಗೂ ಪೂರ್ತಿ ಶಿಕ್ಷೆ ಆಗಲಿ ಅಂದ. ಅವ್ವ ಮಾತ್ರ, "ಆ ಮುದುಕಿ ಕೂಲಿಯಾಕಿ. ಐನೂರೋ ಸಾವಿರನೋ ಕೊಟ್ಟು ಕುಂದ್ರಿಸಿದ್ರಂತ. ಆಕಿ ಜೈಲಿಗೆ ಹೋದ್ರೆ ನನಗೇನು ಬರ್ತತಿ?" ಅಂದಳು. ಅವಳ ಮಟ್ಟಿಗೆ ನಮ್ಮ ಆಕ್ಷೇಪಣೆ ಇಲ್ಲ ಅಂತ ತಿಳಿಸಿದೆವು. ಈ ನಿರ್ಧಾರ ನಿಮ್ಮ ನಿಮ್ಮ ಮನೆಯದು. ನನಗಂತೂ ಅವ್ವ ಹೇಳಿದ್ದೇ ಸರಿ ಅನ್ನಿಸಿತು.

ನಡುವೆ ರಾಜಿಗೂ ಬಂದರು. ಊರಿನ ಹಿರಿಯರು ಇಬ್ಬರು ಮನೆಗೆ ಬಂದು, ಕೈಗೆ ಇಷ್ಟು ಕೊಡಿಸ್ತೀವಿ, ಕೇಸು ವಾಪಸ್ ತಗೊಳ್ರಮ್ಮ ಅಂದರು. ಇಂಥ ಕೇಸು ವಾಪಸ್ ತಗೊಳ್ಳೋಕೆ ಬರೋದೇ ಇಲ್ಲ. 420 ಆದರೆ ಕೋರ್ಟಿನ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದು. 467, 468, 471 ರಾಜಿಗೆ ಬರುವ ಕಲಂಗಳಲ್ಲ. ರಾಜಿಪತ್ರ ಬರೆದುಕೊಟ್ಟರೆ ಅದು ಶಿಕ್ಷೆ ಕಡಿಮೆ ಮಾಡಲು ಒಂದು ಕಾರಣ ಆಗಬಹುದು. ಹಾಗಾಗಿ ಯಾರಾದರೂ ಖಾಲಿ ಛಾಪಾ ಕಾಗದಕ್ಕೆ ಸಹಿ ಕೇಳಿದರೆ ಹಾಕಬೇಡಿ. ದುಡ್ಡು ಬರೋದಿದ್ದರೆ ಕೋರ್ಟಿನ ಮೂಲಕವೇ ಬರಲಿ.

ಆದೇಶ ಕಾಯ್ದಿರಿಸಿದ ಮೇಲೆ ಕೆಲವು ವಾರ ಏನೂ ಇಲ್ಲ. ಆ ದಿನಗಳಲ್ಲಿ ನಾನು ಅಂಗಡಿಯ ಕಂಪ್ಯೂಟರಿನಲ್ಲಿ ಗಿರಾಕಿಗಳ ನಡುವೆ ಕಾಸ್ ಲಿಸ್ಟ್ (ಅವತ್ತು ಕೋರ್ಟಿಗೆ ಬರುವ ಕೇಸುಗಳ ಪಟ್ಟಿ) ತೆರೆದು ನೋಡೋದೇ ಕೆಲಸ. ಕೊನೆಗೆ ಬಂತು. ಒಂದನೇ ಆರೋಪಿಗೆ ಮೂರು ವರ್ಷ ಹೋಗಿ ಒಂದು ವರ್ಷ, ಒಳಗಿದ್ದ ದಿನ ಕಳೆದು. ಎರಡನೆಯವಳಿಗೆ ಅನುಭವಿಸಿದಷ್ಟೇ ಸಾಕು. ಮೂರನೆಯವನಿಗೆ ಆರು ತಿಂಗಳು. ದಂಡ ತೆಗೆದು ಒಂದನೆಯವನು ಅವ್ವನಿಗೆ ಮೂರು ಲಕ್ಷ ಪರಿಹಾರ ಕೊಡಬೇಕು, ಎಂಟು ವಾರದಲ್ಲಿ ವಿಚಾರಣಾ ಕೋರ್ಟಿನಲ್ಲಿ ಕಟ್ಟಬೇಕು, ಇಲ್ಲದಿದ್ದರೆ ಇನ್ನೂ ಮೂರು ತಿಂಗಳು ಜೈಲು. ವಿಳಂಬಕ್ಕೆ ಆರೋಪಿಗಳೂ ಕಾರಣ ಎಂಬುದು ಆರ್ಡರ್ ಶೀಟಿನಿಂದ ಕಾಣುತ್ತದೆ ಅನ್ನೋ ಒಂದು ಸಾಲು ಆದೇಶದಲ್ಲಿದೆ. ಆ ಪಟ್ಟಿಯಿಂದಲೇ ಒಂದು ವರ್ಷವಾದರೂ ಉಳಿಯಿತು ಅಂತ ಎದೆ ತಟ್ಟಿ ಹೇಳಲಾರೆ. ಆ ಸಾಲನ್ನು ಮಾತ್ರ ಎಷ್ಟೋ ಸಲ ಓದಿದೆ.

ಅಣ್ಣನಿಗೆ ಸಮಾಧಾನವಿಲ್ಲ, ಸುಪ್ರೀಂ ಕೋರ್ಟಿಗೆ ಹೋಗೋಣ ಅಂದ. ಶಿಕ್ಷೆ ಕಡಿಮೆ ಆಯಿತು ಅಂತ ಅಪೀಲು ಹಾಕುವ ಹಕ್ಕು ಸಾಮಾನ್ಯವಾಗಿ ಸರ್ಕಾರದ್ದು, ನೊಂದವರಿಗೆ ಹಾಗೆ ನೇರ ಹಕ್ಕಿಲ್ಲ ಅಂತ ಮೇಡಂ ತಿಳಿಸಿದರು. ಅಲ್ಲಿಗೆ ಬಿಟ್ಟೆವು.

ಪರಿಹಾರದ ದುಡ್ಡು ಗಡುವಿನ ಕೊನೆಯ ವಾರ ಜಮಾ ಆಯಿತು. ಅದೂ ತಾನಾಗಿ ಮನೆಗೆ ಬರೋದಿಲ್ಲ. ಬಿಡುಗಡೆಗೆ ತಾಲೂಕು ಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಹೈಕೋರ್ಟ್ ಆದೇಶದ ದೃಢೀಕೃತ ನಕಲು, ಆಧಾರ್, ಪಾಸ್‌ಬುಕ್ ಬೇಕು. ನಮ್ಮಲ್ಲಿ ಇಲ್ಲೂ ತೊಡಕು. ತೀರ್ಪಿನಲ್ಲಿ ಅವ್ವನ ಹೆಸರಿನ ಜೊತೆ ಅಪ್ಪನ ಹೆಸರಿದೆ, ಪಾಸ್‌ಬುಕ್ಕಿನಲ್ಲಿ ಬರೀ ಇನಿಶಿಯಲ್, ಆಧಾರಿನಲ್ಲಿ ಅದೂ ಇಲ್ಲ. ಮೂರೂ ಒಬ್ಬರೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಕೊಟ್ಟೆವು. ವಕೀಲರು ಗುರುತಿಸಿ ಸಹಿ ಹಾಕಿದರು. ಅವ್ವನಿಗೆ ಈಗ ಎಂಬತ್ತೆರಡು, ಕೈ ನಡುಗುತ್ತದೆ. ಗುಮಾಸ್ತರು ಇಂಕ್ ಪ್ಯಾಡ್ ಮುಂದೆ ಸರಿಸಿ, ಹೆಬ್ಬೆಟ್ಟೇ ಒತ್ತಿಬಿಡಮ್ಮ ಅಂದರು. ಅವ್ವ ಪ್ಯಾಡನ್ನು ಪಕ್ಕಕ್ಕೆ ಸರಿಸಿ ಪೆನ್ ಕೇಳಿದಳು. ಸಹಿ ಪಾಸ್‌ಬುಕ್ಕಿನ ಮಾದರಿಗೆ ಹೊಂದಲಿಲ್ಲ ಅಂತ ಇನ್ನೊಂದು ಸಲ ಹಾಕಿಸಿದರು. ಹತ್ತು ದಿನದ ಮೇಲೆ ಖಾತೆಗೆ ದುಡ್ಡು ಬಂತು.